ಮಣಿಯ ತೂತಿನ ಚರಿತ್ರೆ

ಬಹಳ ವರ್ಷಗಳ ಹಿಂದಿನ ಮಾತು. ಮನೆಯಲ್ಲಿ ಮದುವೆ. ಹಿಂದಿನ ಸಂಜೆ ನಮ್ಮ ದಾದಿಮಾ ಅವರ ಲಚ್ಛಾ ಹರಿದು ಬಿತ್ತು. ಲಚ್ಛಾ ಎಂದರೆ ನಿಕಾಹ್‌ನ ದಿನ ವಧುವಿನ ಕೊರಳಿಗೆ ಕಟ್ಟುವ ಕರಿಮಣಿ ಸರ. ನಮ್ಮ ದಖನಿ ಮಾತಿನಲ್ಲಿ ಆ ಮಣಿಗಳಿಗೆ 'ಕಾಲಿ ಪೋತ್' ಎಂದು ಹೆಸರು. ಮಕ್ಕಳಾಗಿದ್ದ ನಾವೆಲ್ಲ ನೆಲಕ್ಕೆ ಬಾಗಿ, ಚಾಪೆಯ ಸಂದಿ, ಹೊಸಿಲಿನ ಮೂಲೆ ಹುಡುಕಿ ಮಣಿಗಳನ್ನು ಆರಿಸಿ ಬಟ್ಟಲಿಗೆ ಹಾಕಿದೆವು. ದಾದಿಮಾ ಮಾತಾಡಲಿಲ್ಲ. ಗಂಡ ಬದುಕಿದ್ದಾಗ ಲಚ್ಛಾ ಹರಿಯುವುದನ್ನು ಹೆಂಗಸರು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ನೆರೆಮನೆಯ ಅಮ್ಮ ಬಂದು, "ನಮ್ಮಲ್ಲೂ ಹಾಗೇ ಕಣಮ್ಮಾ, ಮೊದಲು ಪೋಣಿಸಿಕೊಂಡು ಬಿಡಿ" ಎಂದರು. ತಮ್ಮ ತಾಳಿಯ ಕರಿಮಣಿಯನ್ನು ಅವರು ಆಗ ಕೈಯಲ್ಲಿ ಹಿಡಿದುಕೊಂಡಿದ್ದರು.

ಮರುದಿನ ಬೆಳಗ್ಗೆ ಬಟ್ಟಲನ್ನು ಎತ್ತಿಕೊಂಡು ದೊಡ್ಡಬಳ್ಳಾಪುರದ ಪೇಟೆಗೆ ಹೋದೆವು. ರೇಷ್ಮೆ ಮಗ್ಗಗಳ ಊರು ಅದು. ಅಲ್ಲಿ ಒಡವೆಗೆ ದಾರ ಕಟ್ಟಿಕೊಡುವ ಮುದುಕರೊಬ್ಬರಿದ್ದರು. ಅವರು ಒಂದೊಂದೇ ಮಣಿಯನ್ನು ಬೆಳಕಿಗೆ ಹಿಡಿದು ನೋಡಿದರು. ಸರದ ನಡುವೆ ಇದ್ದ ದೊಡ್ಡ ಹೂಮಣಿಯ ತೂತಿಗೆ ಸೂಜಿ ಹಾಕಿ ತಿರುಗಿಸಿದರು. ಅಂಗೈ ಮೇಲೆ ಬಿಳಿ ಹಿಟ್ಟಿನಂಥ ಮಣ್ಣು ಉದುರಿತು.

"ದಾರದ್ದು ತಪ್ಪಿಲ್ಲ ಸಾಬ್ರೇ, ತೂತೇ ದಾರವನ್ನು ಕುಯ್ದಿದೆ" ಎಂದರು.

ಆ ಮಾತು ಮನಸ್ಸಿನಲ್ಲಿ ಉಳಿಯಿತು. ಮಣಿಯ ಬಣ್ಣ, ಹೊಳಪು, ಬೆಲೆಯ ಬಗ್ಗೆ ನಾವು ಮಾತಾಡುತ್ತೇವೆ. ತೂತಿನ ಬಗ್ಗೆ ಯಾರು ಮಾತಾಡುತ್ತಾರೆ? ಆದರೆ ತೂತಿಲ್ಲದಿದ್ದರೆ ಅದು ಮಣಿಯಲ್ಲ, ಬರೀ ಗಾಜಿನ ಗೋಲಿ. ಗೋಲಿಯನ್ನು ಯಾರೂ ಕೊರಳಿಗೆ ಕಟ್ಟಿಕೊಳ್ಳುವುದಿಲ್ಲ.

ಮನುಷ್ಯ ಮಣಿಗೆ ತೂತು ಮಾಡಿದ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು ಕೊರೆಯುವುದು. ಗುಜರಾತಿನ ಖಂಭಾತ್‌ನಲ್ಲಿ ಅಕೀಕ್ ಕಲ್ಲಿನ ಮಣಿಗಳನ್ನು ಶತಮಾನಗಳಿಂದ ಹೀಗೆಯೇ ಮಾಡುತ್ತಾರೆ. ಉಕ್ಕಿನ ಕಡ್ಡಿಯ ತುದಿಗೆ ಎರಡು ಸಣ್ಣ ವಜ್ರದ ಚೂರುಗಳನ್ನು ಕೂರಿಸಿ, ಬಿಲ್ಲಿನಿಂದ ಅದನ್ನು ತಿರುಗಿಸಿ, ನೀರು ಹನಿಸುತ್ತಾ ಕಲ್ಲನ್ನು ಕೊರೆಯುತ್ತಾರೆ. ನಮ್ಮ ದಾದಾ ಅವರ ತಸ್ಬೀಹ್ ಅಂಥ ಕೆಂಪು ಅಕೀಕ್‌ನದು. ಭರೂಚ್ ಜಿಲ್ಲೆಯ ರತನ್‌ಪುರದಲ್ಲಿರುವ ಬಾಬಾ ಗೋರ್ ದರ್ಗಾವನ್ನು ಈ ಕಸುಬಿನವರು ತಮ್ಮ ಪೀರರ ಸ್ಥಳವೆಂದು ನೆನೆಯುತ್ತಾರೆ. ಆಫ್ರಿಕಾ ಮೂಲದ ಸಿದ್ದಿಗಳು ಆ ದರ್ಗಾದ ಸೇವಕರು.

ಎರಡನೆಯದು ಎಳೆಯುವುದು. ಕರಗಿದ ಗಾಜಿನ ಮುದ್ದೆಯೊಳಗೆ ಟೊಳ್ಳು ಮಾಡಿ, ಅದನ್ನು ಉದ್ದನೆಯ ಸಪೂರ ಕೊಳವೆಯಾಗಿ ಎಳೆಯುತ್ತಾರೆ. ಕೊಳವೆಯನ್ನು ಚೂರುಚೂರಾಗಿ ಕತ್ತರಿಸಿದರೆ ಪ್ರತಿ ಚೂರಿಗೂ ತೂತು ತಾನಾಗಿಯೇ ಇರುತ್ತದೆ. ಇದು ದಕ್ಷಿಣ ಭಾರತದ ದೊಡ್ಡ ಕೊಡುಗೆ. ಪುದುಚೇರಿಯ ಬಳಿಯ ಅರಿಕಮೇಡು ಎರಡು ಸಾವಿರ ವರ್ಷಗಳ ಹಿಂದೆಯೇ ಇಂಥ ಮಣಿಗಳ ಕೇಂದ್ರವಾಗಿತ್ತು. 1945ರಲ್ಲಿ ಅಲ್ಲಿ ಉತ್ಖನನ ನಡೆಸಿದ ಮಾರ್ಟಿಮರ್ ವ್ಹೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲೂ ನೆಲ ಅಗೆಸಿದರು. ಈ ಬಗೆಯ ಪುಟ್ಟ ಮಣಿಗಳು ಹಡಗು ಹತ್ತಿ ಒಂದು ಕಡೆ ಪೂರ್ವ ಆಫ್ರಿಕಾದ ಕರಾವಳಿಗೂ ಇನ್ನೊಂದು ಕಡೆ ಆಗ್ನೇಯ ಏಷ್ಯಾಕ್ಕೂ ಹೋದವು. ಇದೇ ವಿದ್ಯೆ ತಿರುಪತಿಯ ಹತ್ತಿರದ ಪಾಪನಾಯುಡುಪೇಟೆಯಲ್ಲಿ ನಮ್ಮ ಕಾಲದವರೆಗೂ ಉಳಿದು ಬಂತು.

ಕತ್ತರಿಸಿದ ಚೂರುಗಳ ಅಂಚು ಚೂಪಾಗಿರುತ್ತದೆ. ಅದನ್ನು ಗುಂಡಗೆ ಮಾಡಲು ಮತ್ತೆ ಕಾಯಿಸಬೇಕು. ಕಾಯಿಸಿದರೆ ಗಾಜು ಮೆತ್ತಗಾಗಿ ತೂತು ಮುಚ್ಚಿಕೊಳ್ಳುತ್ತದೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಬೂದಿ. ಚೂರುಗಳನ್ನು ಬೂದಿಯಲ್ಲಿ ಕಲಸಿದರೆ ತೂತಿನೊಳಗೆ ಬೂದಿ ತುಂಬಿಕೊಂಡು ಅದನ್ನು ಕಾಯುತ್ತದೆ. ಕಾಯಿಸಿ ಆರಿಸಿದ ಮೇಲೆ ಆ ಬೂದಿಯನ್ನು ಹೊರಗೆ ತೆಗೆಯಬೇಕು. ಕುಟ್ಟಿ, ಜರಡಿ ಹಿಡಿದು, ಉಜ್ಜಿ ಬೂದಿ ಬಿಡಿಸುತ್ತಾರೆ. ಆಮೇಲೆ ಹೆಂಗಸರು ಹಲವು ಉದ್ದ ಸೂಜಿಗಳನ್ನು ಒಟ್ಟಿಗೆ ಹಿಡಿದು ಮಣಿಯ ರಾಶಿಯೊಳಗೆ ಆಡಿಸುತ್ತಾರೆ. ಬೂದಿ ಕೂತ ಮಣಿ ಸೂಜಿಗೆ ಏರುವುದಿಲ್ಲ. ಹೀಗೆ ಸೂಜಿಯೇ ಪರೀಕ್ಷಕ.

ಮೂರನೆಯದು ಸುತ್ತುವುದು. ದೀಪದ ಉರಿಯಲ್ಲಿ ಗಾಜಿನ ಕಡ್ಡಿಯನ್ನು ಕರಗಿಸಿ, ಜೇನಿನಂತೆ ಇಳಿಯುವ ಗಾಜನ್ನು ಕಬ್ಬಿಣದ ತಂತಿಗೆ ಸುತ್ತುತ್ತಾರೆ. ಹೂಮಣಿ, ಕಣ್ಣಿನ ಮಣಿ, ಗೆರೆಯ ಮಣಿ ಹುಟ್ಟುವುದು ಹೀಗೆ. ನಮ್ಮ ದೇಶದಲ್ಲಿ ಈ ದೀಪದ ಕೆಲಸಕ್ಕೆ ಬನಾರಸ್ ಹೆಸರಾದ ಊರು. ಬರೀ ಕಬ್ಬಿಣಕ್ಕೆ ಸುತ್ತಿದರೆ ಗಾಜು ಅಂಟಿಕೊಂಡು ಆರುವಾಗ ಬಿರಿಯುತ್ತದೆ. ಆದ್ದರಿಂದ ತಂತಿಗೆ ಮೊದಲು ಬಿಳಿ ಜೇಡಿಯ ತೆಳು ಲೇಪ ಕೊಡುತ್ತಾರೆ. ಮಣಿ ಬೂದಿಯಲ್ಲಿ ನಿಧಾನವಾಗಿ ಆರಿದ ಮೇಲೆ ತಂತಿ ಹೊರಗೆ ಬರುತ್ತದೆ, ಜೇಡಿ ಒಳಗೇ ಉಳಿಯುತ್ತದೆ. ದಾದಿಮಾ ಅವರ ಹೂಮಣಿಯಿಂದ ಉದುರಿದ ಬಿಳಿ ಮಣ್ಣು ಅದೇ.

ಅದನ್ನು ಬಿಟ್ಟರೆ ಏನಾಗುತ್ತದೆ? ಜೇಡಿ ಬೆವರಿಗೆ, ನೀರಿಗೆ ನೆನೆದು ಸ್ವಲ್ಪ ಸ್ವಲ್ಪವೇ ಹೊರಬಂದು ದಾರವನ್ನು ಮಸುಕು ಮಾಡುತ್ತದೆ. ಅದರ ತರಿ ದಾರವನ್ನು ಉಜ್ಜುತ್ತದೆ. ತೂತಿನ ಬಾಯಲ್ಲಿ ಗಾಜಿನ ಮೊನೆ ಇದ್ದರೆ ಅದೂ ಸೇರಿಕೊಂಡು ಎಳೆ ಎಳೆಯಾಗಿ ಕುಯ್ಯುತ್ತದೆ. ಮಣಿ ನೂರು ವರ್ಷ ಬಾಳುತ್ತದೆ, ದಾರ ಒಂದು ಮದುವೆಗೂ ಬರುವುದಿಲ್ಲ.

ಬೆಂಗಳೂರು ಗ್ರಾಮಾಂತರದ ಚರಿತ್ರೆಯಲ್ಲಿ ಗಾಜಿಗೆ ಜಾಗವಿಲ್ಲ ಎಂದುಕೊಂಡಿದ್ದೆವು. ಅದು ತಪ್ಪು. 1986ರಲ್ಲಿ ಈ ಜಿಲ್ಲೆ ರೂಪುಗೊಂಡಾಗ ಚನ್ನಪಟ್ಟಣವೂ ಇದರಲ್ಲಿತ್ತು. 2007ರಲ್ಲಿ ಅದು ಹೊಸ ರಾಮನಗರ ಜಿಲ್ಲೆಗೆ ಹೋಯಿತು. ಚನ್ನಪಟ್ಟಣ ಎಂದರೆ ಇಂದು ಎಲ್ಲರಿಗೂ ಮರದ ಬೊಂಬೆ ನೆನಪಾಗುತ್ತದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ ಮೈಸೂರು ಸೀಮೆಯ ಪ್ರವಾಸ ಹೊರಟ ಫ್ರಾನ್ಸಿಸ್ ಬುಕಾನನ್ ಅಲ್ಲಿ ಕಂಡದ್ದು ಗಾಜಿನ ಕುಲುಮೆಗಳನ್ನು, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವವರನ್ನು. ಆ ಗಾಜಿನಿಂದ ಆಗುತ್ತಿದ್ದದ್ದು ಹೆಂಗಸರ ಬಳೆ. ಹೊಸದುರ್ಗ ತಾಲೂಕಿನ ಮತ್ತೋಡಿನ ಬಳೆ ಕುಲುಮೆಗಳನ್ನೂ ಆತ ವರ್ಣಿಸಿದ್ದಾನೆ. ಚನ್ನಪಟ್ಟಣದ ಶುಕ್ರವಾರಪೇಟೆಯಲ್ಲಿ ಲಬ್ಬೆ ಮತ್ತು ದಾಯಿರಾ ಪಂಗಡಗಳ ಮುಸಲ್ಮಾನ ವ್ಯಾಪಾರಿಗಳು ನೆಲೆಸಿದ್ದನ್ನು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ.

ಬಳೆಗೂ ಮಣಿಗೂ ಏನು ನಂಟು ಎಂದು ಓದುಗರು ಕೇಳಬಹುದು. ಬೆಸುಗೆಯಿಲ್ಲದ ಹಳೆಯ ಬಳೆಯನ್ನು ಮಾಡುವ ರೀತಿ ನೋಡಿದರೆ ಗೊತ್ತಾಗುತ್ತದೆ. ಕರಗಿದ ಗಾಜಿನ ಉಂಡೆಗೆ ಕಬ್ಬಿಣದ ಕಡ್ಡಿಯಿಂದ ತೂತು ಮಾಡಿ, ಅದನ್ನು ತಿರುಗಿಸುತ್ತಾ ಮಣ್ಣಿನ ಶಂಕುವಿನ ಮೇಲೆ ಹಿಗ್ಗಿಸುತ್ತಾರೆ. ಬಳೆಯೆಂದರೆ ತೂತು ದೊಡ್ಡದಾದ ಮಣಿ, ಅಷ್ಟೆ. ಅಲ್ಲೂ ಬೆಂಕಿಯಿಂದ ಗಾಜನ್ನು ಬಿಡಿಸಿಕೊಡುವುದು ಮಣ್ಣೇ.

ಮಣಿ ಪೋಣಿಸುವ ಕಸುಬಿನವರಿಗೆ ಪಟವೇಗಾರರು ಎಂಬ ಹೆಸರಿದೆ. ರೇಷ್ಮೆ ದಾರ ಹೊಸೆದು ಗೊಂಡೆ ಕಟ್ಟುವವರು ಅವರು. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ತಾಳಿಯ ಕರಿಮಣಿಯಾಗಲಿ, ಲಚ್ಛಾದ ಪೋತ್ ಆಗಲಿ, ಕೈಗೆ ಬಂದ ಮೇಲೆ ಅವರಿಗೆ ತೂತೊಂದೇ, ದಾರವೊಂದೇ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ತೂತು ಬಿಡಿಸುವ ಕೆಲಸ ನೋಡಲು ಹಗುರ. ಒಣಗಿದ ಜೇಡಿಯನ್ನು, ಗಾಜಿನ ಪುಡಿಯನ್ನು ದಿನವಿಡೀ ಕೆರೆದರೆ ಆ ನಯವಾದ ಧೂಳು ಉಸಿರಿನೊಡನೆ ಒಳಗೆ ಹೋಗುತ್ತದೆ. ಖಂಭಾತ್‌ನ ಅಕೀಕ್ ಕೆಲಸಗಾರರಲ್ಲಿ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗವನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನ ಮಾಡಿದೆ. ಆ ರೋಗಕ್ಕೆ ವಾಸಿಯಾಗುವ ಔಷಧಿ ಇಲ್ಲ. ತಡೆಯುವ ದಾರಿ ಇದೆ: ಧೂಳು ಏಳದಂತೆ ನೋಡಿಕೊಳ್ಳುವುದು. ಮಣಿಯ ತೂತನ್ನು ಒಣಗಿದ್ದಾಗ ಕೆರೆಯಬಾರದು. ಮೊದಲು ನೀರಿನಲ್ಲಿ ನೆನೆಸಬೇಕು, ನೀರಿನೊಳಗೇ ತಂತಿ ಆಡಿಸಬೇಕು. ಇಂದು ಸಿಗುವ ವಜ್ರದ ಪುಡಿ ಹಚ್ಚಿದ ಸೂಜಿಗೂ ಇದೇ ನಿಯಮ. ನೀರಿದ್ದರೆ ಗಾಜು ಕಾಯುವುದಿಲ್ಲ, ಬಿರಿಯುವುದಿಲ್ಲ, ಕೆಲಸ ಮಾಡುವವರ ಎದೆಯೂ ಉಳಿಯುತ್ತದೆ. ಮಣಿಯ ಮೇಲೆ ಹೂ ಬಿಡಿಸಿದವನನ್ನು ನಾವು ಕಲಾವಿದ ಎನ್ನುತ್ತೇವೆ. ಅದರ ತೂತು ಬಿಡಿಸಿದವಳನ್ನು ಏನೆಂದು ಕರೆಯುತ್ತೇವೆ? ಅವಳ ಕೂಲಿ ಎಷ್ಟು ಎಂದು ಕೊಳ್ಳುವಾಗ ಯಾರಾದರೂ ಕೇಳಿದ್ದುಂಟೆ?

ಆ ದಿನ ದೊಡ್ಡಬಳ್ಳಾಪುರದ ಮುದುಕರು ಬಟ್ಟಲಿಗೆ ಬಿಸಿನೀರು ಹೊಯ್ದು ಮಣಿಗಳನ್ನು ನೆನೆಯಲು ಬಿಟ್ಟರು. ನಮಗೆ ಮದುವೆಯ ಆತುರ. ಅವರಿಗೆ ಆತುರವಿರಲಿಲ್ಲ. ನೀರಿನೊಳಗೆ ಬೆರಳಿಟ್ಟು ಒಂದೊಂದು ಮಣಿಗೂ ತಂತಿ ಆಡಿಸಿದರು. ನೀರು ಸುಣ್ಣದ ತಿಳಿಯಂತೆ ಬೆಳ್ಳಗಾಯಿತು. ಚೆಲ್ಲಿ, ಮತ್ತೆ ಹೊಯ್ದರು. ಆಮೇಲೆ ಹೊಸ ರೇಷ್ಮೆ ದಾರಕ್ಕೆ ಮೇಣ ಸವರಿ ಪೋಣಿಸಿದರು. ಎಷ್ಟು ಕೊಡಬೇಕೆಂದು ಕೇಳಿದಾಗ, "ದಾರದ್ದು ಕೊಡಿ ಸಾಕು. ತೂತಿಗೆ ಯಾರು ದುಡ್ಡು ಕೊಡ್ತಾರೆ?" ಎಂದು ನಕ್ಕರು.

ದಾದಿಮಾ ತೀರಿಕೊಂಡು ವರ್ಷಗಳಾದವು. ಆ ಮುದುಕರೂ ಇಲ್ಲ. ಲಚ್ಛಾ ನಮ್ಮ ಮನೆಯಲ್ಲಿದೆ, ದಾರ ಇನ್ನೂ ಹರಿದಿಲ್ಲ. ತೂತಿಗೆ ಕೊಡಬೇಕಿದ್ದ ದುಡ್ಡು ಮಾತ್ರ ಇಂದಿಗೂ ನಮ್ಮ ಮೇಲೆ ಸಾಲವಾಗಿ ಉಳಿದಿದೆ.