ವ್ಯವಹಾರ ಪ್ರವಾಸ (ಚಿಕ್ಕೋಡಿ ಸೀಮೆ)

ಸಂಸ್ಥೆಯೊಂದರ ಕಾರ್ಯಾರ್ಥವಾಗಿ ನೌಕರರು ಕೈಗೊಳ್ಳುವ, ವೆಚ್ಚದೊಡನೆ ಕ್ಷೇಮದ ಹೊಣೆಯನ್ನೂ ಸಂಸ್ಥೆಯೇ ವಹಿಸತಕ್ಕ ಪ್ರಯಾಣ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ನಿಪ್ಪಾಣಿಯ ಬೀಡಿ ತಂಬಾಕು, ಉಗಾರ ಮೊದಲಾದೆಡೆಯ ಸಕ್ಕರೆ, 2019ರಲ್ಲಿ ಭೌಗೋಳಿಕ ಸೂಚಕವನ್ನು ಪಡೆದ ಕೊಲ್ಹಾಪುರಿ ಪಾದರಕ್ಷೆ ಇವುಗಳ ವಾಣಿಜ್ಯವು ಮಹಾರಾಷ್ಟ್ರದ ಪೇಟೆಗಳೊಡನೆ ಹೆಣೆದುಕೊಂಡಿರುವುದರಿಂದ, ಇಂತಹ ಪ್ರವಾಸವು ಬಹುಮಟ್ಟಿಗೆ ಅಂತರರಾಜ್ಯ ಸ್ವರೂಪದ್ದಾಗಿದೆ.

ಮಾರ್ಗಗಳು: ನಿಪ್ಪಾಣಿಯು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲಿದ್ದು, ಅಲ್ಲಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕಿಂತ ಕೊಲ್ಹಾಪುರದ್ದು ಸಮೀಪವಾಗಿದೆ, ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳಿಗೆ ಮೀರಜ–ಲೋಂಡಾ ರೈಲುಮಾರ್ಗವುಂಟು, ಅಥಣಿಯವರು ರಸ್ತೆಯನ್ನೇ ಆಶ್ರಯಿಸಬೇಕು.

ಮಿತವ್ಯಯ: ಮುಂಗಡ ಕಾದಿರಿಸುವಿಕೆ, ಹುದ್ದೆಗೆ ತಕ್ಕ ಭತ್ಯೆಯ ಮಿತಿ, ರಸೀದಿಸಹಿತ ಲೆಕ್ಕ ಇವು ಸಾಮಾನ್ಯ ಸೂತ್ರಗಳು. ಗಡಿಸೀಮೆಗೆ ವಿಶೇಷವಾದುದೆಂದರೆ, 2017ರಿಂದ ಜಾರಿಯಲ್ಲಿರುವ ಜಿಎಸ್‌ಟಿ ಪದ್ಧತಿಯಲ್ಲಿ ವಸತಿಗೃಹದ ತೆರಿಗೆಯು ಕಟ್ಟಡವಿರುವ ರಾಜ್ಯಕ್ಕೆ ಸಂಬಂಧಿಸಿದುದಾದ ಕಾರಣ, ಕರ್ನಾಟಕದಲ್ಲಿ ಮಾತ್ರ ನೋಂದಣಿ ಹೊಂದಿದ ಸಂಸ್ಥೆಗೆ ಕೊಲ್ಹಾಪುರದ ತಂಗುವಿಕೆಯ ಮೇಲೆ ತೆತ್ತ ತೆರಿಗೆಯ ಜಮೆ ದೊರೆಯದು. ಆದುದರಿಂದ ಕೋಣೆಯ ದರವನ್ನು ತೆರಿಗೆಸಹಿತವಾಗಿಯೇ ತುಲನೆ ಮಾಡುವುದು ಯುಕ್ತ.

ಸುರಕ್ಷತೆ: ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಮಳೆಗಾಲದಲ್ಲಿ ಉಕ್ಕಿ ಸೇತುವೆಗಳನ್ನು ಮುಳುಗಿಸುವುದುಂಟು, 2019 ಮತ್ತು 2021ರ ನೆರೆಗಳಲ್ಲಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಹೆದ್ದಾರಿಯೇ ಜಲಾವೃತವಾಗಿ ಸಂಚಾರವು ಸ್ತಬ್ಧವಾಯಿತು. ಕಬ್ಬು ನುರಿಸುವ ಹಂಗಾಮಿನಲ್ಲಿ ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ರಾತ್ರಿಯ ಸಂಚಾರಕ್ಕೆ ಅಪಾಯಕರ. ಪರ್ಯಾಯ ಮಾರ್ಗದ ಪೂರ್ವನಿರ್ಧಾರ, ಹಗಲಿನ ಪ್ರಯಾಣ, ಚಾಲಕನಿಗೆ ಸಾಕಷ್ಟು ವಿಶ್ರಾಂತಿ, ಅಪಘಾತ ವಿಮೆ ಇವು ಇಲ್ಲಿ ಅವಶ್ಯ ವಿಧಿಗಳು.