ರಂಜಾನ್ ತಿಂಗಳು, ಬಿಲಾಲ್ ಮತ್ತು ದೌಲತಾಬಾದಿನ ಕೊಳ

ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಮೊನ್ನೆ ಮಧ್ಯಾಹ್ನ ಆಫೀಸಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿದಾಗ ನಮ್ಮ ಸೆಕ್ಷನ್ನಿನ ಹುಡುಗನೊಬ್ಬ ಮೆಲ್ಲಗೆ ಎದ್ದು ಹೊರಗೆ ಹೋದ. ರೋಜಾ ಹಿಡಿದಿದ್ದಾನೆ. ಹಿರಿಯ ಸಹೋದ್ಯೋಗಿಯೊಬ್ಬರು "ನೀರೂ ಕುಡಿಯಂಗಿಲ್ವಂತೆ, ಉಗುಳೂ ನುಂಗಂಗಿಲ್ವಂತೆ, ಎಂಥಾ ಧರ್ಮನಪ್ಪಾ" ಅಂದರು. ನಾಲ್ಕು ಜನ ನಕ್ಕರು. ಉಗುಳು ನುಂಗಬಹುದು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅದು ಎರಡು ದಿನದಿಂದ ಕೊರೀತಿದೆ, ಅದಕ್ಕೇ ಬರೀತಿದೀನಿ. ನಮ್ಮವರಿಗೂ ಹೇಳೋದಿದೆ. ಇಫ್ತಾರ್ ಕೂಟಕ್ಕೆ ಹೋಗಿ ನೀಲಿ ಶಾಲು ಹಾಕ್ಕೊಂಡು ಫೋಟೋ ತೆಗೆಸ್ಕೋತೀವಿ, ಆದ್ರೆ ಈ ತಿಂಗಳ ಇತಿಹಾಸ ಏನು ಅಂತ ಕೇಳಿದ್ರೆ ತಲೆ ಕೆರ್ಕೋತೀವಿ.

ರಂಜಾನ್ ಉಪವಾಸ ಕಡ್ಡಾಯ ಆದದ್ದು ಹಿಜರಿ 2ನೇ ವರ್ಷ, ಅಂದ್ರೆ ಕ್ರಿ.ಶ. 624ರಲ್ಲಿ. ಪ್ರವಾದಿ ಮುಹಮ್ಮದರು ಮೆಕ್ಕಾ ಬಿಟ್ಟು ಮದೀನಾಕ್ಕೆ ಬಂದು ಎರಡು ವರ್ಷ ಆಗ್ತಾ ಇತ್ತು. ಕುರಾನ್ ಮೊದಲು ಇಳಿದು ಬಂದದ್ದು ಇದೇ ತಿಂಗಳಲ್ಲಿ ಅನ್ನೋದು ಅವರ ನಂಬಿಕೆ. ನಸುಕಿನಲ್ಲಿ ಬಿಳಿ ಎಳೆ ಕಪ್ಪು ಎಳೆಯಿಂದ ಬೇರೆಯಾಗಿ ಕಾಣೋ ಹೊತ್ತಿನಿಂದ ಸೂರ್ಯ ಮುಳುಗುವ ತನಕ ಅನ್ನ ಇಲ್ಲ, ನೀರಿಲ್ಲ, ಬೀಡಿ ಸಿಗರೇಟಿಲ್ಲ, ಗಂಡ ಹೆಂಡತಿ ಸಂಗವೂ ಇಲ್ಲ. ಕಾಯಿಲೆಯವರಿಗೆ, ಪ್ರಯಾಣದಲ್ಲಿರೋರಿಗೆ ವಿನಾಯಿತಿ, ಆಮೇಲೆ ಎಣಿಸಿ ತೀರಿಸಬೇಕು. ಮುಟ್ಟಾದ ಹೆಂಗಸರದ್ದೂ ಹಾಗೇ. ಹಿಡಿಯೋಕೇ ಆಗದ ವಯಸ್ಸಾದವರು ಒಂದು ದಿನಕ್ಕೆ ಒಬ್ಬ ಬಡವನಿಗೆ ಊಟ ಹಾಕಬೇಕು.

ತುಂಬಾ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. ನಮ್ಮ ಶ್ರಾವಣ ಯಾವಾಗ್ಲೂ ಮಳೆಗಾಲದಲ್ಲೇ ಬರುತ್ತೆ, ಯಾಕಂದ್ರೆ ಪಂಚಾಂಗದವರು ಆಗಾಗ ಅಧಿಕ ಮಾಸ ಸೇರಿಸಿ ಸರಿ ಮಾಡ್ತಾರೆ. ಅರಬರಲ್ಲೂ ಹಾಗೆ ತಿಂಗಳು ಹೆಚ್ಚಿಸುವ, ಹಿಂದೆ ಮುಂದೆ ಮಾಡುವ ಪದ್ಧತಿ ಇತ್ತು. ಕುರಾನ್ ಅದನ್ನ ನಿಷೇಧಿಸಿತು. ಬರೀ ಚಂದ್ರನ ಲೆಕ್ಕ, ವರ್ಷಕ್ಕೆ 354 ದಿನ. ಅದರಿಂದ ರಂಜಾನ್ ಪ್ರತಿವರ್ಷ 11 ದಿನದಷ್ಟು ಹಿಂದೆ ಸರೀತಾ ಸುಮಾರು 33 ವರ್ಷಕ್ಕೆ ಎಲ್ಲಾ ಋತುಗಳನ್ನೂ ಸುತ್ತಿ ಬರುತ್ತೆ. ಡಿಸೆಂಬರ್ ರೋಜಾ ಬೇರೆ, ರಾಯಚೂರಿನ ಮೇ ತಿಂಗಳ ಬಿಸಿಲಲ್ಲಿ ಮೂಟೆ ಹೊರುವವನ ರೋಜಾ ಬೇರೆ. ಒಂದು ಬದುಕಿನಲ್ಲಿ ಎರಡೂ ಸಿಗುತ್ತವೆ.

ಇನ್ನು ನನಗೆ ಬೇಕಾದ ಮನುಷ್ಯನ ಕಥೆಗೆ ಬರ್ತೀನಿ. ಬಿಲಾಲ್. ತಾಯಿ ಅಬಿಸೀನಿಯಾದ ಗುಲಾಮಳು, ಇವನು ಹುಟ್ಟಿನಿಂದಲೇ ಗುಲಾಮ. ಒಡೆಯ ಉಮಯ್ಯಾ ಮೆಕ್ಕಾದ ದೊಡ್ಡ ಕುಳ. ಬಿಲಾಲ್ ಹೊಸ ಮತಕ್ಕೆ ಸೇರಿದ ಅಂತ ಸುಡು ಮರಳಿನ ಮೇಲೆ ಅಂಗಾತ ಮಲಗಿಸಿ ಎದೆ ಮೇಲೆ ಬಂಡೆ ಇಡಿಸಿದ. ಬಿಲಾಲ್ ಬಾಯಲ್ಲಿ ಒಂದೇ ಮಾತು: ಒಬ್ಬನೇ, ಒಬ್ಬನೇ. ಕೊನೆಗೆ ಅಬೂಬಕರ್ ಅವನನ್ನ ಕೊಂಡು ಬಿಡುಗಡೆ ಮಾಡಿದರು. ಮದೀನಾದಲ್ಲಿ ನಮಾಜಿಗೆ ಕರೆಯುವ ಕೆಲಸ ಯಾರಿಗೆ ಕೊಡೋದು ಅಂದಾಗ ಪ್ರವಾದಿ ಆರಿಸಿದ್ದು ಈ ಕರಿಯನ ಗಂಟಲನ್ನ.

ರೋಜಾ ಕಡ್ಡಾಯ ಆದ ಮೊದಲ ರಂಜಾನಿನ 17ಕ್ಕೇ ಬದ್ರ್ ಯುದ್ಧ ನಡೀತು. ಇವರ ಕಡೆ ಮುನ್ನೂರು ಚಿಲ್ಲರೆ ಜನ, ಆ ಕಡೆ ಸಾವಿರದ ಹತ್ತಿರ. ಉಮಯ್ಯಾ ಅಲ್ಲೇ ಸತ್ತ. ಸೆರೆ ಸಿಕ್ಕವರಲ್ಲಿ ದುಡ್ಡು ಕೊಡಲಾಗದ, ಆದ್ರೆ ಓದು ಬರಹ ಬಲ್ಲವರು ಮದೀನಾದ ಹತ್ತು ಮಕ್ಕಳಿಗೆ ಅಕ್ಷರ ಕಲಿಸಿದರೆ ಬಿಡುಗಡೆ ಅಂತ ಆಯ್ತು, ಹಾಗಂತ ಪ್ರವಾದಿ ಚರಿತ್ರೆಯ ಹಳೇ ಗ್ರಂಥಗಳು ಹೇಳ್ತವೆ. ಅಕ್ಷರವನ್ನೇ ಒತ್ತೆಹಣ ಮಾಡಿದ್ದು! ನಮ್ಮಲ್ಲಿ ಅಕ್ಷರ ಕಿವಿಗೆ ಬಿದ್ದವರಿಗೆ ಏನು ಶಿಕ್ಷೆ ಬರೆದಿಟ್ಟಿದ್ರು ಅಂತ ಬಾಬಾಸಾಹೇಬರನ್ನ ಓದಿದ ನಿಮಗೆ ನಾನು ಹೇಳಬೇಕಿಲ್ಲ.

ಆರು ವರ್ಷ ಬಿಟ್ಟು, ಹಿಜರಿ 8ರ ರಂಜಾನಿನಲ್ಲಿ, 630ರ ಜನವರಿಯಲ್ಲಿ, ಮೆಕ್ಕಾ ಹೆಚ್ಚು ರಕ್ತ ಇಲ್ಲದೆ ಕೈಗೆ ಬಂತು. ಕಾಬಾದ ಮೇಲೆ ಹತ್ತಿ ಅಜಾನ್ ಕೂಗು ಅಂತ ಪ್ರವಾದಿ ಹೇಳಿದ್ದು ಬಿಲಾಲನಿಗೆ. ಅದೇ ಊರಿನ ಮರಳಲ್ಲಿ ಬಂಡೆ ಹೊತ್ತವನು ಅವರ ಅತಿ ಪವಿತ್ರ ಕಟ್ಟಡದ ನೆತ್ತಿ ಮೇಲೆ ನಿಂತ. ಕುಲೀನರು ಕೆಲವರು ಗೊಣಗಿದರು ಅಂತಲೂ ದಾಖಲೆ ಇದೆ. ಈ ಜಾಗ ಓದಿದಾಗೆಲ್ಲ ನಂಗೆ ಗುಡಿ ಹೊರಗೇ ನಿಂತು ಹಲಗೆ ಬಾರಿಸುತ್ತಿದ್ದ ನಮ್ಮಜ್ಜ ನೆನಪಾಗ್ತಾನೆ.

ಈದ್ ದಿನದ ಬಗ್ಗೆ ಒಂದೇ ಮಾತು. ನಮಾಜಿಗೆ ಮುಂಚೆ ಫಿತ್ರಾ ಕೊಡಬೇಕು, ಮನೆಯ ತಲೆ ಲೆಕ್ಕದಲ್ಲಿ, ಕೂಸಿನ ಹೆಸರಲ್ಲೂ. ಮೂಲದಲ್ಲಿ ತಲೆಗೊಂದು ಸಾ ಖರ್ಜೂರ ಇಲ್ಲಾ ಜವೆಗೋಧಿ, ಹೆಚ್ಚು ಕಡಿಮೆ ಎರಡೂವರೆ ಮೂರು ಕೆಜಿ. ಹಬ್ಬದ ದಿನ ಬಡವ ಕೈ ಚಾಚಬಾರದು ಅನ್ನೋದು ಲೆಕ್ಕ. ವರ್ಷದ ಉಳಿತಾಯದ ಮೇಲೆ ನೂರಕ್ಕೆ ಎರಡೂವರೆ ಜಕಾತ್ ಬೇರೆ, ಅದನ್ನ ಬಹಳ ಜನ ಈ ತಿಂಗಳಲ್ಲೇ ತೆಗೀತಾರೆ.

ಇಷ್ಟಕ್ಕೇ ನಿಲ್ಲಿಸಿದ್ರೆ ಎಲ್ಲರಿಗೂ ಖುಷಿ. ಆದ್ರೆ ನಮಗೆ ಬಾಬಾಸಾಹೇಬರು ಹಾಗೆ ಕಲಿಸಿಲ್ಲ.

1934ರಲ್ಲಿ ಬಾಬಾಸಾಹೇಬರು ಸುಮಾರು ಮೂವತ್ತು ಕಾರ್ಯಕರ್ತರ ಜೊತೆ ವೇರೂಳ ಗುಹೆಗಳನ್ನ ನೋಡೋಕೆ ಹೊರಟಿದ್ರು. ದಾರಿಯಲ್ಲಿ ದೌಲತಾಬಾದ್ ಕೋಟೆ. ಅದು ನಿಜಾಮರ ಸೀಮೆ, ನಮ್ಮ ಬೀದರ್, ಕಲಬುರಗಿ, ರಾಯಚೂರೂ ಆಗ ಅದೇ ಸಂಸ್ಥಾನದಲ್ಲಿತ್ತು. ರಂಜಾನ್ ತಿಂಗಳು. ಕೋಟೆ ಬಾಗಿಲ ಹೊರಗೆ ತುಂಬಿದ ಕೊಳ. ಧೂಳು ಮೆತ್ತಿದ ಮುಖ ತೊಳೆದು ಒಳಗೆ ಹೊರಟರೆ, ಬಿಳಿ ಗಡ್ಡದ ಮುದುಕನೊಬ್ಬ ಕೊಳ ಮೈಲಿಗೆ ಆಯ್ತು ಅಂತ ಕೂಗುತ್ತಾ ಬಂದ. ಜನ ಸೇರಿದರು, ಜಾತಿ ಹಿಡಿದು ಬೈದರು, ಹೊಡೆದಾಟದ ಹತ್ತಿರ ಹೋಯ್ತು. ಬಾಬಾಸಾಹೇಬರು ಸಿಟ್ಟಿಗೆದ್ದು ಕೇಳಿದರು, ನಿಮ್ಮ ಧರ್ಮ ಕಲಿಸೋದು ಇದನ್ನೇನಾ, ನಾವೇ ಮುಸಲ್ಮಾನರಾದ್ರೆ ಆಗಲೂ ನೀರು ತಡೀತೀರಾ ಅಂತ. ಗುಂಪು ಬಾಯಿ ಮುಚ್ಚಿತು. ಆದ್ರೂ ಒಳಗೆ ಎಲ್ಲೂ ನೀರು ಮುಟ್ಟದಂತೆ ಕಾಯೋಕೆ ಬಂದೂಕಿನ ಸಿಪಾಯಿ ಹಿಂದೆ ಬಂದ. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ.

ನೋಡಿ, ಹಗಲೆಲ್ಲಾ ತಾನೇ ನೀರು ಬಿಟ್ಟು ದಾಹ ಅಂದ್ರೆ ಏನು ಅಂತ ಕಲೀಬೇಕಾದ ತಿಂಗಳಲ್ಲೇ ಇದು ನಡೆದದ್ದು. ಬಿಲಾಲನ ಕಥೆ ಅಲ್ಲಿದ್ದವರಿಗೆಲ್ಲ ಗೊತ್ತಿದ್ದಿರಬೇಕು. ಈ ನೆಲದ ಜಾತಿ ಎಂಥಾ ಧರ್ಮದೊಳಗೂ ನುಸುಳಿ ಕೂರುತ್ತೆ. ಮಸೀದಿ ಸಾಲಿನಲ್ಲಿ ಭುಜಕ್ಕೆ ಭುಜ ನಿಲ್ಲೋ ಪಿಂಜಾರರ ಹುಡುಗನಿಗೆ ಸಯ್ಯದರ ಮನೆಯ ಹೆಣ್ಣು ಕೇಳೋದು ಇವತ್ತಿಗೂ ಸುಲಭ ಅಲ್ಲ, ಮುಸ್ಲಿಂ ಗೆಳೆಯರೇ ಹೇಳ್ತಾರೆ. ಗುಲಾಮಗಿರಿಯೂ ಅಷ್ಟೇ. ಗುಲಾಮರನ್ನ ಬಿಡುವುದು ಪುಣ್ಯ ಅಂದ ಧರ್ಮದ ನಾಡಲ್ಲಿ, ಸೌದಿ ಅರೇಬಿಯಾದಲ್ಲಿ, ಅದು ಕಾನೂನಿನಲ್ಲಿ ರದ್ದಾಗಿದ್ದು 1962ರಲ್ಲಿ.

ಈ ಕೊಳದ ಕಥೆಯನ್ನಷ್ಟೇ ಕಿತ್ಕೊಂಡು ದಲಿತರ ಕಿವಿಗೆ ಊದೋರು ಇತ್ತೀಚೆಗೆ ಜಾಸ್ತಿ ಆಗಿದ್ದಾರೆ. ಅವರಿಗೆ ಮಹಾಡ್ ಕೂಡ ಹೇಳಿ. 1927ರ ಡಿಸೆಂಬರಿನಲ್ಲಿ ಸತ್ಯಾಗ್ರಹ ಸಮ್ಮೇಳನಕ್ಕೆ ಸವರ್ಣೀಯರು ಒಂದಡಿ ಜಾಗ ಕೊಡಲಿಲ್ಲ. ಪೆಂಡಾಲು ಎದ್ದದ್ದು ಫತ್ತೇಖಾನ್ ಅನ್ನೋ ಮುಸಲ್ಮಾನರ ಜಮೀನಿನಲ್ಲಿ. ಮನುಸ್ಮೃತಿ ಸುಟ್ಟದ್ದೂ ಅದೇ ಸಮ್ಮೇಳನದಲ್ಲಿ. ಎರಡೂ ನಮ್ಮ ಇತಿಹಾಸವೇ. ಒಂದನ್ನ ಹೇಳಿ ಇನ್ನೊಂದನ್ನ ನುಂಗೋದು ನಮ್ಮ ಕೆಲಸ ಅಲ್ಲ.

ನಮ್ಮಪ್ಪ ಹೋಟೆಲಿನ ಹೊರಗೆ ಕೂತು ತೆಂಗಿನ ಚಿಪ್ಪಲ್ಲಿ ಚಹಾ ಕುಡಿದವರು. ನೀರು ಬೇಡ ಅನ್ನೋದಕ್ಕೂ ನೀರು ಕೊಡಲ್ಲ ಅನ್ನೋದಕ್ಕೂ ಇರೋ ವ್ಯತ್ಯಾಸ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಿದ್ದೂ ಮೊನ್ನೆ ನಾನು ಸುಮ್ಮನಿದ್ದೆ.

ಇವತ್ತು ಆ ಹುಡುಗನ ಹತ್ರ ಹೋಗಿ ಮಾತಾಡಿದೆ. ಹಸಿವು, ಬಾಯಾರಿಕೆ ನಾಲ್ಕು ದಿನಕ್ಕೆ ಒಗ್ಗಿ ಹೋಗುತ್ತೆ ಸರ್, ಬೆಳಗಿನ ಚಹಾ ಇಲ್ದೆ ತಲೆ ಸಿಡಿಯೋದೇ ಕಷ್ಟ ಅಂದ. ಡಬ್ಬಿ ಬಿಚ್ಚುವಾಗ ಎದ್ದು ಹೋಗೋದು ಬೇಡ, ಕೂತ್ಕೋ ಅಂದೆ. ವಾಸನೆಗಲ್ಲ ಸರ್, ಮಾತಿಗೆ ಅಂದ. ಆ ಹಿರಿಯರು ಪಕ್ಕದಲ್ಲೇ ಇದ್ದರು. ಉಗುಳು ನುಂಗಬಹುದು ಸಾರ್ ಅಂತ ಅವರಿಗೂ ಹೇಳಿ ಬಂದೆ. ಚಂದ್ರ ಕಂಡರೆ ಶನಿವಾರ ಹಬ್ಬ, ಇಲ್ಲಾಂದ್ರೆ ಭಾನುವಾರ. ಸೋಮವಾರ ಸುರಕುಂಬಾ ತರ್ತಾನಂತೆ. ಇಡೀ ಸೆಕ್ಷನ್ನಿಗೆ ಆಗೋಷ್ಟು ತಾ, ಅವರಿಗೂ ಒಂದು ಲೋಟ ಇರಲಿ ಅಂದಿದೀನಿ.