ಎರಡು ಪಂಪುಗಳಿದ್ದರೆ ಸಾಕೆ?
ವಿಮಾನದ ಗಾಳಿ-ಬುಗುರಿಗಳ ಕಥೆ

ಮೋಡದೊಳಗೆ ಹೊಕ್ಕ ವಿಮಾನದ ಚಾಲಕನಿಗೆ ನೆಲವೂ ಕಾಣದು, ದಿಗಂತವೂ ಕಾಣದು. ವಿಮಾನ ಮಟ್ಟಸವಾಗಿದೆಯೋ ಒಂದು ಬದಿಗೆ ವಾಲಿದೆಯೋ ಎಂಬುದು ಅವನಿಗೆ ತಿಳಿಯುವುದು ಹೇಗೆ? ಕುಳಿತ ಆಸನದ ಒತ್ತಡದಿಂದಲೇ ಅದು ಗೊತ್ತಾಗುತ್ತದೆ ಎಂದು ಮೊದಲ ತಲೆಮಾರಿನ ವೈಮಾನಿಕರು ನಂಬಿದ್ದರು. ಆ ನಂಬಿಕೆಗೆ ಅನೇಕರು ಪ್ರಾಣ ತೆತ್ತರು.

ಕಿವಿ ಹೇಳುವ ಸುಳ್ಳು

ನಮ್ಮ ಒಳಕಿವಿಯಲ್ಲಿ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಲು ಆರಂಭಿಸಿದಾಗ ದ್ರವ ಹಿಂದುಳಿಯುತ್ತದೆ. ಆಗ ನಮಗೆ ತಿರುಗುವಿಕೆಯ ಅರಿವಾಗುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ದ್ರವವೂ ಅದೇ ವೇಗ ಪಡೆಯುತ್ತದೆ, ಅರಿವು ಮಾಯವಾಗುತ್ತದೆ. ನಿಂತೊಡನೆ ವಿರುದ್ಧ ದಿಕ್ಕಿಗೆ ತಿರುಗುತ್ತಿರುವಂತೆ ಭಾಸವಾಗುತ್ತದೆ. ಶಿಕ್ಷಕರು ಇದನ್ನು ತಿರುಗುವ ಕುರ್ಚಿಯೊಂದರ ಸಹಾಯದಿಂದ ತರಗತಿಯಲ್ಲೇ ತೋರಿಸಬಹುದು. ವಿದ್ಯಾರ್ಥಿಯ ಕಣ್ಣಿಗೆ ಬಟ್ಟೆ ಕಟ್ಟಿ, ಕುರ್ಚಿಯನ್ನು ನಿಧಾನವಾಗಿ ಒಂದೇ ವೇಗದಲ್ಲಿ ತಿರುಗಿಸಿ, ಮೆಲ್ಲನೆ ನಿಲ್ಲಿಸಿ, ಯಾವ ಕಡೆಗೆ ತಿರುಗುತ್ತಿರುವೆ ಎಂದು ಕೇಳಿ ನೋಡಿ.

1926ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸಿ ಫೀಲ್ಡ್‌ನಲ್ಲಿ ಅಮೆರಿಕದ ಸೇನಾ ವೈಮಾನಿಕ ವಿಲಿಯಂ ಆಕರ್ ಇಂಥದೇ ಕುರ್ಚಿಯಲ್ಲಿ ಕುಳಿತರು. ಒಳಕಿವಿಯ ಸಂಶೋಧನೆಗಾಗಿ 1914ರ ನೊಬೆಲ್ ಪಾರಿತೋಷಕ ಪಡೆದ ರಾಬರ್ಟ್ ಬಾರಾನಿಯ ಹೆಸರು ಆ ಕುರ್ಚಿಗಿದೆ. ಅನುಭವಿ ಆಕರ್ ಕೂಡ ದಿಕ್ಕು ಹೇಳುವಲ್ಲಿ ತಪ್ಪಿದರು. ಅನಂತರ ಅವರು ತಿರುವು ಸೂಚಕ ಉಪಕರಣವನ್ನೂ ಸಣ್ಣ ದೀಪವನ್ನೂ ಪೆಟ್ಟಿಗೆಯೊಳಗಿಟ್ಟು, ಅದನ್ನೇ ನೋಡುತ್ತ ಕುಳಿತರು. ಈ ಬಾರಿ ಉತ್ತರಗಳು ಸರಿಯಾದವು. ದೇಹಕ್ಕಿಂತ ಉಪಕರಣವನ್ನು ನಂಬಬೇಕು ಎಂಬುದು ಹೀಗೆ ಸ್ಪಷ್ಟವಾಯಿತು.

ನಂಬದಿದ್ದರೆ ಏನಾಗುತ್ತದೆ? 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಚಾಲಕರನ್ನು ಕೃತಕವಾಗಿ 'ಮೋಡ'ದೊಳಗೆ ಇರಿಸಲಾಯಿತು. ಅವರೆಲ್ಲರೂ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಸಮಯ 178 ಸೆಕೆಂಡು. ಅಂದರೆ ಮೂರು ನಿಮಿಷವೂ ಇಲ್ಲ!

ಬುಗುರಿಯ ಹಟ

ರಭಸದಿಂದ ತಿರುಗುವ ಬುಗುರಿ ತನ್ನ ಅಕ್ಷದ ದಿಕ್ಕನ್ನು ಸುಲಭವಾಗಿ ಬದಲಿಸದು. ಇದು ಕೋನೀಯ ಸಂವೇಗದ ಗುಣ. ಈ ತತ್ತ್ವದ ಉಪಕರಣಕ್ಕೆ 1852ರಲ್ಲಿ ಫ್ರಾನ್ಸಿನ ಫೂಕೋ 'ಗೈರೊಸ್ಕೋಪ್' ಎಂದು ಹೆಸರಿಟ್ಟರು. ವಿಮಾನ ಎತ್ತ ವಾಲಿದರೂ ಒಳಗಿನ ಚಕ್ರ ಮಾತ್ರ ತನ್ನ ನಿಲುವನ್ನು ಬಿಡದಿದ್ದರೆ, ಅದಕ್ಕೆ ಹೋಲಿಸಿ ವಾಲಿಕೆಯನ್ನು ಅಳೆಯಬಹುದಲ್ಲವೆ? 'ಕೃತಕ ದಿಗಂತ' ಎಂಬ ಉಪಕರಣ ಮಾಡುವುದು ಇದನ್ನೇ. 1929ರ ಸೆಪ್ಟೆಂಬರ್ 24ರಂದು ಜಿಮ್ಮಿ ಡೂಲಿಟಲ್ ತಮ್ಮ ಆಸನದ ಮೇಲೆ ಮುಸುಕು ಮುಚ್ಚಿಸಿಕೊಂಡು, ಉಪಕರಣಗಳನ್ನಷ್ಟೇ ನೋಡುತ್ತ ವಿಮಾನವನ್ನು ಮೇಲೇರಿಸಿ, ಹಾರಿಸಿ, ಇಳಿಸಿದರು. ಸ್ಪೆರಿ ಸಂಸ್ಥೆಯ ಕೃತಕ ದಿಗಂತ ಅವರ ಮುಂದಿತ್ತು.

ಚಕ್ರವನ್ನು ತಿರುಗಿಸುವವರು ಯಾರು?

ಗಾಳಿ! ಚಕ್ರದ ಅಂಚಿನಲ್ಲಿ ಸಣ್ಣ ಸಣ್ಣ ಬಟ್ಟಲಿನಂಥ ಗುಳಿಗಳಿರುತ್ತವೆ. ಅವುಗಳಿಗೆ ಗಾಳಿಯ ಧಾರೆ ತಾಕಿ ಚಕ್ರ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಇದಕ್ಕಾಗಿ ಉಪಕರಣದ ಪೆಟ್ಟಿಗೆಯಿಂದ ಗಾಳಿಯನ್ನು ತೆಗೆಯುತ್ತಾರೆ. 'ಪಂಪು ಗಾಳಿಯನ್ನು ಎಳೆಯುತ್ತದೆ' ಎನ್ನುವುದು ವಾಡಿಕೆ. ವಾಸ್ತವವಾಗಿ ಹೊರಗಿನ ಗಾಳಿಯೇ ಒಳಕ್ಕೆ ನುಗ್ಗುತ್ತದೆ. ಬೇಕಾದ ಒತ್ತಡ ವ್ಯತ್ಯಾಸ ಸುಮಾರು 5 ಅಂಗುಲ, ಅಂದರೆ 127 ಮಿಲಿಮೀಟರ್ ಪಾದರಸದಷ್ಟು. ಇದು ಸಮುದ್ರಮಟ್ಟದ ವಾಯುಮಂಡಲ ಒತ್ತಡದ ಆರನೆಯ ಒಂದು ಭಾಗ ಮಾತ್ರ.

ಮೊದಲು ಈ ಕೆಲಸವನ್ನು ವಿಮಾನದ ಹೊರಮೈಗೆ ಜೋಡಿಸಿದ ವೆಂಚುರಿ ಕೊಳವೆ ಮಾಡುತ್ತಿತ್ತು. ಆದರೆ ವಿಮಾನ ವೇಗ ಪಡೆಯುವವರೆಗೆ ಅದು ನಿಷ್ಪ್ರಯೋಜಕ. ಮೇಲಾಗಿ ಹಿಮ ಕಟ್ಟಿ ಮುಚ್ಚಿಹೋಗುತ್ತಿತ್ತು, ಅದೂ ಉಪಕರಣದ ಅಗತ್ಯ ಹೆಚ್ಚಿರುವ ಮೋಡದೊಳಗೇ. ಮುಂದೆ ಎಂಜಿನ್ನಿನಿಂದ ನಡೆಯುವ ನಿರ್ವಾತ ಪಂಪು ಬಂತು. ಎಂಜಿನ್ ಎಣ್ಣೆಯಿಂದ ಜಾರುವ ಈ 'ಒದ್ದೆ' ಪಂಪು ಬಾಳಿಕೆ ಬರುತ್ತಿತ್ತು; ಆದರೆ ಗಾಳಿಯೊಡನೆ ಎಣ್ಣೆಯನ್ನೂ ಉಗುಳುತ್ತಿತ್ತು. 1960ರ ದಶಕದಲ್ಲಿ 'ಒಣ' ಪಂಪು ಬಳಕೆಗೆ ಬಂತು. ಇದರ ಅಲಗುಗಳು ಇಂಗಾಲದವು. ಸವೆಯುವಾಗ ಉದುರುವ ಗ್ರಾಫೈಟ್ ಪುಡಿಯೇ ಇದಕ್ಕೆ ಜಾರುಕ. ಹಗುರ, ಸ್ವಚ್ಛ, ಅಗ್ಗ.

ಆದರೆ ಇಂಗಾಲ ಭಿದುರ. ಒದ್ದೆ ಪಂಪು ನಿಧಾನವಾಗಿ ಸೊರಗಿದರೆ, ಒಣ ಪಂಪು ಒಮ್ಮೆಲೇ ಪುಡಿಯಾಗುತ್ತದೆ. ಎಂಜಿನ್ನಿಗೆ ಪೆಟ್ಟಾಗದಂತೆ ಇಟ್ಟ ಪ್ಲಾಸ್ಟಿಕ್ ಜೋಡಣೆ ಕತ್ತರಿಸಿಹೋಗುತ್ತದೆ. ಎಂಜಿನ್ ಎಂದಿನಂತೆ ಓಡುತ್ತಿರುತ್ತದೆ. ಗೈರೊ ಚಕ್ರ ಕೂಡಲೇ ನಿಲ್ಲುವುದಿಲ್ಲ. ಕೆಲವು ನಿಮಿಷಗಳಲ್ಲಿ ಸೋಲುತ್ತ, ಕೃತಕ ದಿಗಂತವನ್ನು ಮೆಲ್ಲನೆ ವಾಲಿಸುತ್ತದೆ. ಅದನ್ನು ನಂಬಿದ ಚಾಲಕ ವಿಮಾನವನ್ನೂ ಹಾಗೆಯೇ ವಾಲಿಸುತ್ತಾನೆ.

ಎರಡು ಎಂಜಿನ್, ಎರಡು ಪಂಪು

ಎರಡು ಎಂಜಿನ್ನುಗಳ ಸಣ್ಣ ವಿಮಾನಗಳಲ್ಲಿ ಎಂಜಿನ್ನಿಗೊಂದರಂತೆ ಎರಡು ಪಂಪುಗಳಿರುವುದು ಸಾಮಾನ್ಯ. ಎರಡರ ಕೊಳವೆಗಳೂ ಒಂದೆಡೆ ಸೇರುತ್ತವೆ. ಅಲ್ಲಿ ಪ್ರತಿ ಪಂಪಿಗೂ ಒಂದು ಏಕಮುಖ ಕವಾಟ. ಒಂದು ಪಂಪು ಕೆಟ್ಟರೆ ಅದರ ಕವಾಟ ಮುಚ್ಚಿಕೊಳ್ಳಬೇಕು, ಇನ್ನೊಂದು ಪಂಪು ಇಡೀ ಭಾರ ಹೊರಬೇಕು.

ಇಲ್ಲಿ ಗಮನಿಸಿ: ಎರಡೂ ಪಂಪುಗಳು ಚೆನ್ನಾಗಿ ನಡೆಯುತ್ತಿರುವಾಗ ಕವಾಟಗಳಿಗೆ ಮುಚ್ಚಿಕೊಳ್ಳುವ ಕೆಲಸವೇ ಇಲ್ಲ. ಅದರ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಮಾಪಕ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ದೋಷ ಬಯಲಾಗುವುದು ಒಂದು ಪಂಪು ಸತ್ತ ದಿನ. ಅಂದು ಸತ್ತ ಪಂಪಿನ ಮೂಲಕವೇ ಗಾಳಿ ಒಳನುಗ್ಗಿ, ಬದುಕಿರುವ ಪಂಪಿನ ಶ್ರಮವನ್ನು ವ್ಯರ್ಥ ಮಾಡುತ್ತದೆ.

ಇದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಮೊದಲು ಎಡ ಎಂಜಿನ್ನನ್ನಷ್ಟೇ ಚಾಲೂ ಮಾಡಿ ಮಾಪಕ ನೋಡುವುದು. ಮುಂದಿನ ಹಾರಾಟದಲ್ಲಿ ಬಲ ಎಂಜಿನ್ನಿನಿಂದ ಆರಂಭಿಸುವುದು. ಒಂದೇ ಪಂಪಿನಿಂದ ಮಾಪಕ ನಿಗದಿತ ಅಂಕಿಗೆ ಏರಬೇಕು, ನಿಂತಿರುವ ಪಂಪಿನ ಸೂಚಕ ಮಾಪಕದಲ್ಲಿ ಕೆಂಪಗೆ ಕಾಣಬೇಕು. ಯಾವಾಗಲೂ ಒಂದೇ ಎಂಜಿನ್ನಿನಿಂದ ಆರಂಭಿಸುವ ರೂಢಿಯಿದ್ದರೆ ಒಂದು ಪಂಪು, ಒಂದು ಕವಾಟ ಪರೀಕ್ಷೆಗೇ ಒಳಗಾಗುವುದಿಲ್ಲ.

ಉಳಿದ ನಿರ್ವಹಣೆಯಲ್ಲೂ ವಿವೇಕ ಬೇಕು. ಗಾಳಿಯ ಫಿಲ್ಟರ್ ಧೂಳಿನಿಂದ, ಹಿಂದೆ ಸಿಗರೇಟಿನ ಹೊಗೆಯ ಅಂಟಿನಿಂದಲೂ, ಕಟ್ಟಿಕೊಂಡು ಉಪಕರಣಕ್ಕೆ ಗಾಳಿ ಕಡಿಮೆಯಾಗುತ್ತದೆ. ಆಗ ಫಿಲ್ಟರ್ ಬದಲಿಸದೆ ಒತ್ತಡ ನಿಯಂತ್ರಕವನ್ನು ತಿರುಗಿಸಿ ಅಂಕಿ ಸರಿಪಡಿಸಿದರೆ ಪಂಪು ಹೆಚ್ಚು ದುಡಿದು, ಬಿಸಿಯಾಗಿ, ಬೇಗ ಸಾಯುತ್ತದೆ. ಜ್ವರದ ಕಾರಣ ಹುಡುಕದೆ ಥರ್ಮಾಮೀಟರನ್ನು ತಿದ್ದಿದಂತೆ! ಎಂಜಿನ್ ತೊಳೆಯುವ ದ್ರಾವಕ, ಎಂಜಿನ್ನಿನಿಂದ ಸೋರುವ ಎಣ್ಣೆ ಇವೂ ಒಣ ಪಂಪಿಗೆ ವೈರಿಗಳೇ. ಪಂಪು ಒಡೆದಾಗ ಇಂಗಾಲದ ಚೂರುಗಳು ಕೊಳವೆಗಳಲ್ಲಿ ಉಳಿಯುತ್ತವೆ. ಅವನ್ನು ಪೂರ್ತಿ ತೆಗೆಯದೆ ಹೊಸ ಪಂಪು ಕೂರಿಸಿದರೆ ಅದೂ ಕೆಡಬಹುದು. ಅಲಗು ಎಷ್ಟು ಸವೆದಿದೆ ಎಂದು ನೋಡಲು ಕಿಂಡಿಯಿರುವ ಪಂಪುಗಳೂ ಬಂದಿವೆ.

ಪಂಪಿನಿಂದಾಚೆ

2000ದ ಅಕ್ಟೋಬರ್ 16ರ ರಾತ್ರಿ ಅಮೆರಿಕದ ಮಿಸ್ಸೋರಿ ರಾಜ್ಯದಲ್ಲಿ ಎರಡು ಎಂಜಿನ್ನುಗಳ ಸೆಸ್ನಾ 335 ವಿಮಾನ ಕೆಟ್ಟ ಹವೆಯಲ್ಲಿ ಉರುಳಿತು. ಗವರ್ನರ್ ಮೆಲ್ ಕಾರ್ನಹಾನ್ ಸೇರಿ ಮೂವರೂ ಸತ್ತರು. ತನ್ನ ಮುಂದಿನ ಕೃತಕ ದಿಗಂತ ಕೆಟ್ಟಿದೆ, ಬಲಬದಿಯದನ್ನು ನೋಡಿ ಹಾರಿಸಲು ಯತ್ನಿಸುತ್ತಿದ್ದೇನೆ ಎಂದು ಚಾಲಕ ನೆಲಕ್ಕೆ ತಿಳಿಸಿದ್ದ. ದಿಕ್ಕಿನ ಅರಿವು ತಪ್ಪಿ ಚಾಲಕ ಹತೋಟಿ ಕಳೆದುಕೊಂಡ. ಉಪಕರಣದ ವೈಫಲ್ಯ ಮತ್ತು ಹವೆ ಅದಕ್ಕೆ ಪೂರಕವಾದವು ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಎರಡು ಎಂಜಿನ್, ಎರಡು ದಿಗಂತಗಳಿದ್ದವು. ಆದರೆ ಕತ್ತಲಲ್ಲಿ ಪಕ್ಕಕ್ಕೆ ನೋಡುತ್ತ ಹಾರಿಸುವುದು ಸುಲಭವಲ್ಲ. ಕಿವಿ ತನ್ನ ಹಳೆಯ ಸುಳ್ಳನ್ನು ಹೇಳತೊಡಗುತ್ತದೆ.

2003-04ರ ಸುಮಾರಿನಿಂದ ಹೊಸ ಸಣ್ಣ ವಿಮಾನಗಳಿಗೆ ತಿರುಗುವ ಚಕ್ರವಿಲ್ಲದ ಇಲೆಕ್ಟ್ರಾನಿಕ್ ದಿಗಂತಗಳು ಬಂದವು. ಹಳೆಯ ವಿಮಾನಗಳಲ್ಲಿ ಗಾಳಿ-ಬುಗುರಿಗಳು ಇನ್ನೂ ತಿರುಗುತ್ತಿವೆ. ಯಾವ ಬಗೆಯದಾದರೂ ಪಾಠ ಒಂದೇ: ಬದಲಿ ವ್ಯವಸ್ಥೆ ಇದೆ ಎಂದರೆ ಸಾಲದು, ಒಂದು ಇಲ್ಲದಾಗ ಇನ್ನೊಂದು ನಡೆಯುತ್ತದೆ ಎಂದು ಪರೀಕ್ಷಿಸಿ ತಿಳಿದಿರಬೇಕು. ನಿಮ್ಮ ಶಾಲೆಯ ಬೆಂಕಿ ಆರಿಸುವ ಸಾಧನವನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?